ಗುಳಿಗೆ ಬರೆದವರು ಸೊಲ್ಲಾಪುರದಲ್ಲಿ, ನಿಲ್ಲಿಸುವವರು ಯಾರು?

(ಬೆನ್ನುಮೂಳೆಯ ಆಪರೇಷನ್ ಆದವರು ಮತ್ತು ಅವರ ಮನೆಯವರಿಗಾಗಿ ಕಲಬುರಗಿಯಲ್ಲಿ ನಾನು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು. ನಾನು ಅರವಳಿಕೆ ವೈದ್ಯ, ಅಂದರೆ ಆಪರೇಷನ್ ಟೇಬಲ್ ಮೇಲೆ ನಿಮ್ಮನ್ನು ಮಲಗಿಸಿ ಎಬ್ಬಿಸುವವನು. ಸರ್ಜನ್ ಹೆಸರು ಮನೆಮಂದಿಗೆಲ್ಲ ಬಾಯಿಪಾಠ ಇರುತ್ತದೆ, ನಮ್ಮ ಹೆಸರು ಬಿಲ್ಲಿನಲ್ಲಿ ಮಾತ್ರ. ಬೇಸರವೇನಿಲ್ಲ. ಕೊಯ್ದ ಮೇಲೆ ಏಳುವ ನೋವನ್ನು ಹಿಡಿತದಲ್ಲಿಡುವುದು ನಮ್ಮ ವಿದ್ಯೆಯ ದೊಡ್ಡ ಭಾಗ, ಹಾಗಾಗಿ ಈ ವಿಷಯಕ್ಕೆ ನನ್ನನ್ನು ಕರೆದದ್ದು ಸರಿಯಾಗಿಯೇ ಇದೆ.

ನಮ್ಮ ಭಾಗದ ಪರಿಸ್ಥಿತಿಯಿಂದಲೇ ಶುರು ಮಾಡುತ್ತೇನೆ. ಕಲಬುರಗಿಯಲ್ಲಿ ಈಗ ಬೆನ್ನಿನ ಆಪರೇಷನ್‌ಗಳು ಆಗುತ್ತವೆ. ಆದರೂ ಆಳಂದ, ಅಫಜಲಪುರ ಕಡೆಯ ಬಹಳ ಮಂದಿ ಸೊಲ್ಲಾಪುರದ ದಾರಿ ಹಿಡಿಯುತ್ತಾರೆ. ಸೇಡಂ, ಚಿಂಚೋಳಿ, ಬೀದರ್ ಕಡೆಯವರು ಹೈದರಾಬಾದಿಗೆ ಹೋಗುತ್ತಾರೆ. ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ಬಿಡುಗಡೆಯ ದಿನ ಆರೇಳು ಔಷಧಿ ಬರೆದ ಚೀಟಿ ಕೈಗೆ ಬರುತ್ತದೆ, ‘ಹದಿನೈದು ದಿನ ಬಿಟ್ಟು ಬನ್ನಿ’ ಅನ್ನುತ್ತಾರೆ. ಹೊಲಿಗೆ ಬಿಚ್ಚಿಸಲು ಒಮ್ಮೆ ಹೋಗಿ ಬರುತ್ತಾರೆ. ಆಮೇಲೆ ಅಷ್ಟು ದೂರ ಬಸ್ಸಿನಲ್ಲಿ ಕುಲುಕಾಡಿಸಿಕೊಂಡು ಯಾರು ಹೋಗಬೇಕು? ಊರಿನ ಮೆಡಿಕಲ್‌ನವನಿಗೆ ಅದೇ ಚೀಟಿ ತೋರಿಸಿದರೆ ಅದೇ ಗುಳಿಗೆ ಸಿಗುತ್ತವೆ. ಮೂರು ನಾಲ್ಕು ತಿಂಗಳಾದ ಮೇಲೆ ಹೊಟ್ಟೆ ಉರಿ, ಕಾಲು ಬಾವು, ತಲೆ ತಿರುಗು ಅಂತ ನನ್ನ ಹತ್ತಿರ ಬರುವವರ ಜೇಬಿನಲ್ಲಿ ಮೂಲೆ ಹರಿದ ಅದೇ ಚೀಟಿ ಇರುತ್ತದೆ. ಒಂದು ವಾರಕ್ಕೆಂದು ಬರೆದದ್ದನ್ನೂ ಮೂರು ತಿಂಗಳಿಗೆಂದು ಬರೆದದ್ದನ್ನೂ ಒಂದೇ ಸಮನೆ ನುಂಗಿರುತ್ತಾರೆ. ಶುರು ಮಾಡಿಸಿದವರು ದೂರದಲ್ಲಿದ್ದಾರೆ, ನಿಲ್ಲಿಸು ಅನ್ನುವವರು ಹತ್ತಿರದಲ್ಲಿ ಯಾರೂ ಇಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಇದರ ಬಗ್ಗೆಯೇ: ಪ್ರತಿ ಗುಳಿಗೆಗೂ ಬೇರೆ ಬೇರೆ ಕೆಲಸವಿದೆ, ಬೇರೆ ಬೇರೆ ಕೊನೆಯ ದಿನವಿದೆ. ಆ ಕೊನೆಯ ದಿನವನ್ನು ಆಸ್ಪತ್ರೆ ಬಿಡುವ ಮೊದಲೇ ಕೇಳಿ ಬರೆಸಿಕೊಳ್ಳಿ.

ಮೊದಲು ನೋವಿನ ಸ್ವಭಾವ ನೋಡೋಣ. ಡಿಸ್ಕ್ ಜಾರಿ ನರ ಒತ್ತಿಕೊಂಡು ಟೊಂಕದಿಂದ ಹಿಮ್ಮಡಿಯ ತನಕ ಎಳೆಯುತ್ತಿದ್ದ ನೋವು ಎಷ್ಟೋ ಜನರಿಗೆ ಆಪರೇಷನ್ ಆದ ದಿನವೇ ಹೋಗಿರುತ್ತದೆ. ಎದ್ದ ಕೂಡಲೇ ‘ಕಾಲು ಹಗುರ ಆಗ್ಯಾದ್ರಿ’ ಅನ್ನುತ್ತಾರೆ. ಆದರೆ ಹೊಸದಾಗಿ ಕೊಯ್ದ ಜಾಗದ ನೋವು ಇರುತ್ತದೆ, ಸರಿಸಿಟ್ಟ ಸ್ನಾಯುಗಳು ಹಿಡಿದುಕೊಳ್ಳುತ್ತವೆ. ಬರೀ ಡಿಸ್ಕ್ ತುಂಡು ತೆಗೆದಿದ್ದರೆ ಇದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಸ್ಕ್ರೂ, ರಾಡ್ ಹಾಕಿ ಮೂಳೆ ಕೂಡಿಸಿದ್ದರೆ ಆರು ವಾರ, ಕೆಲವೊಮ್ಮೆ ಮೂರು ತಿಂಗಳು. ಇದರ ಜೊತೆಗೆ ಮೂರನೆಯದೊಂದಿದೆ. ಬಹಳ ದಿನ ಒತ್ತಿಸಿಕೊಂಡಿದ್ದ ನರ ಚೇತರಿಸಿಕೊಳ್ಳುವಾಗ ಸುಮ್ಮನಿರುವುದಿಲ್ಲ: ಸುಡುತ್ತದೆ, ಜುಮು ಜುಮು ಅನ್ನುತ್ತದೆ, ಕರೆಂಟ್ ಹೊಡೆದಂತೆ ಮಿಂಚುತ್ತದೆ. ಜೋಮು, ಮರಗಟ್ಟುವಿಕೆ ಹೋಗಲು ತಿಂಗಳುಗಳೇ ಬೇಕಾಗಬಹುದು. ಡಾಕ್ಟರು ಕೇಳಿದಾಗ ‘ಬ್ಯಾನಿ ಅದರಿ’ ಅಂದಷ್ಟೇ ಹೇಳಿದರೆ ಈ ಮೂರರಲ್ಲಿ ಯಾವುದೆಂದು ತಿಳಿಯುವುದಿಲ್ಲ. ಎಲ್ಲಿ, ಯಾವಾಗ, ಹೇಗೆ ಅಂತ ಬಿಡಿಸಿ ಹೇಳಿ. ಔಷಧಿ ಅದರ ಮೇಲೆಯೇ ನಿಂತಿದೆ.

ಇನ್ನೊಂದು ವಿಷಯವನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳೋಣ. ನೋವು ಪೂರಾ ಸೊನ್ನೆಯಾಗಬೇಕು ಅಂತ ಹೊರಟರೆ ಔಷಧಿ ಅತಿಯಾಗುತ್ತದೆ. ಹಾಸಿಗೆಯಲ್ಲಿ ಮಗ್ಗುಲಾಗಿ ಎದ್ದು ಕೂರಲು, ಪಾಯಖಾನೆಗೆ ನಡೆದು ಹೋಗಲು, ಜೋರಾಗಿ ಉಸಿರೆಳೆದು ಕೆಮ್ಮಲು, ರಾತ್ರಿ ನಾಲ್ಕೈದು ತಾಸು ನಿದ್ದೆ ಮಾಡಲು ಆಗುತ್ತಿದೆಯೇ? ಆಗುತ್ತಿದ್ದರೆ ಔಷಧಿ ಸಾಕಷ್ಟಿದೆ. ಇದರ ತದ್ವಿರುದ್ಧ ಮಂದಿಯೂ ನಮ್ಮಲ್ಲಿದ್ದಾರೆ. ‘ಗಂಡಸಾಗಿ ಇಷ್ಟು ಸಹಿಸಲಾರೇನು’ ಅಂತ ಹಲ್ಲು ಕಚ್ಚಿ ಮಲಗಿಬಿಡುತ್ತಾರೆ. ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ, ಕೆಮ್ಮದೆ ಇದ್ದರೆ ಎದೆಯಲ್ಲಿ ಕಫ ಕೂತು ನ್ಯುಮೋನಿಯಾ. ಮೊದಲ ದಿನಗಳ ನೋವು ತೀವ್ರವಾಗಿದ್ದವರಿಗೆ ಅದು ಮುಂದೆ ಬೇರೂರಿ ದೀರ್ಘಕಾಲದ ನೋವಾಗುವ ಸಂಭವವೂ ಹೆಚ್ಚು. ಆದ್ದರಿಂದ ಮೊದಲ ಕೆಲವು ದಿನ ಗಡಿಯಾರ ನೋಡಿ ಗುಳಿಗೆ ತೆಗೆದುಕೊಳ್ಳಿ, ನೋವು ನೆತ್ತಿಗೇರುವ ತನಕ ಕಾಯಬೇಡಿ. ಫಿಸಿಯೋಥೆರಪಿಯವರು ಬರುವುದಕ್ಕೆ ಮುಕ್ಕಾಲು ತಾಸು ಮೊದಲು ತೆಗೆದುಕೊಂಡರೆ ನಡೆಯುವುದು ಸುಲಭ.

ಇಷ್ಟೊಂದು ಬಗೆಯ ಗುಳಿಗೆ ಏಕೆ ಅಂತ ಕೇಳುತ್ತಾರೆ. ನೋವಿನ ಸುದ್ದಿ ಗಾಯದಿಂದ ಹೊರಟು, ನರ ಹಿಡಿದು, ಬೆನ್ನುಹುರಿ ಹಾದು ಮಿದುಳು ಮುಟ್ಟುತ್ತದೆ. ದಾರಿಯ ಒಂದೊಂದು ಕಡೆ ಒಂದೊಂದು ಔಷಧಿ ತಡೆ ಹಾಕುತ್ತದೆ. ಒಂದೇ ಎತ್ತಿನ ಕೊರಳಿಗೆ ಪೂರಾ ಬಂಡಿ ಕಟ್ಟಿದರೆ ಎತ್ತು ಬೀಳುತ್ತದೆ, ನಾಲ್ಕಕ್ಕೆ ಹಂಚಿದರೆ ಯಾವುದಕ್ಕೂ ಭಾರವಾಗುವುದಿಲ್ಲ. ಆಪರೇಷನ್ ಕೋಣೆಯಲ್ಲೇ ಈ ಕೆಲಸ ಶುರುವಾಗಿರುತ್ತದೆ. ಹೊಲಿಗೆ ಹಾಕುವ ಮೊದಲು ಗಾಯದ ಸುತ್ತ ಮರಗಟ್ಟಿಸುವ ಔಷಧಿ ಚುಚ್ಚುತ್ತೇವೆ. ಬೆನ್ನಿನ ಉದ್ದನೆಯ ಸ್ನಾಯುಗಳ ಅಡಿಗೆ ಅಲ್ಟ್ರಾಸೌಂಡ್ ನೋಡಿ ಔಷಧಿ ಹರಿಸುವ ಹೊಸ ವಿಧಾನವೊಂದು 2016ರಲ್ಲಿ ಮೊದಲು ವರದಿಯಾಯಿತು, ಈಗ ಬಹಳ ಕಡೆ ಬಳಕೆಯಲ್ಲಿದೆ. ಇವುಗಳ ಪ್ರಭಾವ ಕೆಲವು ತಾಸು ಮಾತ್ರ. ಮೊದಲ ರಾತ್ರಿ ಆರಾಮಿದ್ದವರಿಗೆ ಮರುದಿನ ನೋವು ಏರಿದರೆ ಆಪರೇಷನ್ ಕೆಟ್ಟಿತು ಅಂತ ಗಾಬರಿ ಬೀಳಬೇಡಿ.

ಈಗ ಗುಳಿಗೆಗಳಿಗೆ ಬರುತ್ತೇನೆ. ಬುನಾದಿ ಪ್ಯಾರಾಸಿಟಮಾಲ್. ‘ಅದು ಜ್ವರದ ಗುಳಿಗಿ ಅಲ್ಲೇನ್ರಿ’ ಅಂತ ಮೂಗು ಮುರಿಯುತ್ತಾರೆ. ತಪ್ಪದೆ ಹೊತ್ತು ಹೊತ್ತಿಗೆ ತೆಗೆದುಕೊಂಡರೆ ಬೇರೆ ಘಾಟು ಔಷಧಿಗಳ ಪ್ರಮಾಣ ಕಡಿಮೆ ಮಾಡಬಹುದು, ಹೊಟ್ಟೆಗೂ ಕಿಡ್ನಿಗೂ ಹಗುರ. ಎಚ್ಚರ ಬೇಕಾದದ್ದು ಲೆಕ್ಕದಲ್ಲಿ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4000 ಮಿಲಿಗ್ರಾಂ ಗಡಿ. ತೂಕ 50 ಕಿಲೋ ಒಳಗಿರುವವರು, ವಯಸ್ಸಾದವರು, ಲಿವರ್ ತೊಂದರೆಯವರು, ದಿನಾ ಕುಡಿಯುವವರಿಗೆ ಗಡಿ ಇನ್ನೂ ಕೆಳಗೆ, 2000ದಿಂದ 3000. ಒಂದು ಚೀಟಿ ನೋಡೋಣ. 650ರ ಗುಳಿಗೆ ದಿನಕ್ಕೆ ನಾಲ್ಕು, 2600 ಆಯಿತು. ಅದರ ಜೊತೆ ‘ಅಸೆಕ್ಲೋಫೆನಾಕ್ ಪ್ಲಸ್’ ಅಂತ ಒಂದು ಜೋಡು ಗುಳಿಗೆ ದಿನಕ್ಕೆರಡು. ಅದರೊಳಗೂ 325 ಪ್ಯಾರಾಸಿಟಮಾಲ್ ಇದೆ, 650 ಸೇರಿತು. ಟ್ರಮಡಾಲ್ ಇರುವ ಇನ್ನೊಂದು ಜೋಡು ಗುಳಿಗೆ ದಿನಕ್ಕೆ ಮೂರು, ಅದರಲ್ಲೂ 325, ಅಂದರೆ 975. ಒಟ್ಟು 4225. ಹೆಸರು ಮೂರು, ಬಣ್ಣ ಮೂರು, ಒಳಗಿನ ಸರಕು ಒಂದೇ, ಗಡಿ ದಾಟಿಹೋಯಿತು. ನೆಗಡಿಯಾಯಿತು ಅಂತ ಕಿರಾಣಿ ಅಂಗಡಿಯಿಂದ ತಂದ ಗುಳಿಗೆಯಲ್ಲೂ ಅದೇ ಇರುತ್ತದೆ. ಆದ್ದರಿಂದ ಗುಳಿಗೆ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಓದಲು ಬರದಿದ್ದರೆ ಶಾಲೆಗೆ ಹೋಗುವ ಮೊಮ್ಮಕ್ಕಳ ಕೈಲಿ ಓದಿಸಿ.

ಇನ್ನು ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಇರುವ, ಉರಿಯೂತ ಇಳಿಸುವ ಗುಂಪು. ಇವು ಒಳ್ಳೆಯ ಔಷಧಿಗಳೇ. ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗದಂತೆ ತಡೆದು ಇವು ಕೆಲಸ ಮಾಡುತ್ತವೆ. ಆಸ್ಪಿರಿನ್ ಹಾಗೆ ಕೆಲಸ ಮಾಡುತ್ತದೆಂದು 1971ರಲ್ಲಿ ತೋರಿಸಿದ ಜಾನ್ ವೇನ್‌ಗೆ 1982ರಲ್ಲಿ ನೊಬೆಲ್ ಬಂತು. ತೊಂದರೆಯೆಂದರೆ ಅದೇ ರಾಸಾಯನಿಕ ಹೊಟ್ಟೆಯ ಒಳಪದರವನ್ನು ಕಾಯುತ್ತದೆ, ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತದೆ. ಇಲ್ಲಿ ನಮ್ಮೂರಿನ ಬಿಸಿಲು ಕಥೆಯೊಳಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಎದ್ದು ಮೂತ್ರಕ್ಕೆ ಹೋಗುವುದು ತ್ರಾಸ ಅಂತ ಆಪರೇಷನ್ ಆದವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮೈ ಬೆವರಿ ಒಣಗಿರುತ್ತದೆ. ಬಿಪಿಗೆ ಟೆಲ್ಮಿಸಾರ್ಟನ್ ನಡೆದಿರುತ್ತದೆ, ಅದರೊಳಗೇ ಮೂತ್ರ ಹೋಗಿಸುವ ಔಷಧಿಯೂ ಸೇರಿರುತ್ತದೆ. ಇವೆರಡರ ಮೇಲೆ ಈ ನೋವಿನ ಗುಳಿಗೆ ಬಿತ್ತೆಂದರೆ ಕಿಡ್ನಿ ಮೂರು ಕಡೆಯಿಂದ ಪೆಟ್ಟು ತಿನ್ನುತ್ತದೆ. ಬಿಪಿ, ಶುಗರ್ ಇರುವ 60 ದಾಟಿದವರಿಗೆ ಬೇಸಿಗೆಯಲ್ಲಿ ಈ ಗುಂಪಿನ ಗುಳಿಗೆ ಕೊಡಬೇಕಾದರೆ ನಾನು ಕ್ರಿಯಾಟಿನಿನ್ ಎಂಬ ಕಿಡ್ನಿ ಪರೀಕ್ಷೆಯ ರಿಪೋರ್ಟ್ ನೋಡದೆ ಬರೆಯುವುದಿಲ್ಲ. ನೀವೂ ಕೇಳಿ: ‘ನನ್ನ ಕಿಡ್ನಿಗೆ ಇದು ನಡೀತದೇನ್ರಿ?’

‘ಮುಂಜಾನೆ ಗ್ಯಾಸಿನ ಗುಳಿಗಿ ತಗೊಂತೀನಲ್ರಿ, ಮತ್ತೇನು?’ ಅನ್ನುವವರಿದ್ದಾರೆ. ಪ್ಯಾಂಟೊಪ್ರಜೋಲ್ ಹೊಟ್ಟೆಯನ್ನು ಕಾಯುತ್ತದೆ, ಕಿಡ್ನಿಯನ್ನಲ್ಲ. ಹಾಗೆಯೇ ಇಂಜೆಕ್ಷನ್ ಮಾಡಿಸಿಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ ಎಂಬುದೂ ಸುಳ್ಳು, ಔಷಧಿ ರಕ್ತದ ಮೂಲಕವೇ ಹೊಟ್ಟೆಯ ಪದರಕ್ಕೆ ಮುಟ್ಟುತ್ತದೆ. ಜಯದೇವದಲ್ಲಿ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತಿರುವವರು ಅದನ್ನು ಬೆನ್ನಿನ ಸರ್ಜನ್‌ಗೆ ಹೇಳದೆ ಬಿಡಬಾರದು. ಡಾಂಬರಿನಂತೆ ಕಪ್ಪಗೆ ಮಲ ಹೋದರೆ ಅದು ಹೊಟ್ಟೆಯೊಳಗಿನ ರಕ್ತ. ಗುಳಿಗೆ ನಿಲ್ಲಿಸಿ ಅವತ್ತೇ ದವಾಖಾನೆಗೆ ಬನ್ನಿ.

ಮೂಳೆ ಕೂಡಿಸುವ ಆಪರೇಷನ್ ಆದವರಿಗೆ ಈ ಗುಂಪನ್ನು ಕೊಡಬೇಕೋ ಬೇಡವೋ ಎಂಬಲ್ಲಿ ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ಕೆಟೊರೊಲ್ಯಾಕ್ ಎಂಬ ಇಂಜೆಕ್ಷನ್ ಪಡೆದವರಲ್ಲಿ ಮೂಳೆ ಕೂಡುವುದು ತಪ್ಪುವುದು ಹೆಚ್ಚು ಎಂದು ಅಮೆರಿಕದ ಒಂದು ಅಧ್ಯಯನ 1998ರಲ್ಲಿ ಹೇಳಿತು. ಕಡಿಮೆ ಪ್ರಮಾಣದಲ್ಲಿ, ಎರಡು ವಾರದೊಳಗೆ ಮುಗಿಸಿದರೆ ಅಂಥ ವ್ಯತ್ಯಾಸ ಕಾಣುವುದಿಲ್ಲ ಎಂಬ ಕಡೆಗೆ ಆಮೇಲಿನ ಅಧ್ಯಯನಗಳು ವಾಲಿವೆ. ನಿಮ್ಮ ಸರ್ಜನ್ ಹೇಳಿದ್ದೇ ನಿಮಗೆ ಅಂತಿಮ. ಆದರೆ ಇದರ ಬಗ್ಗೆ ಇಷ್ಟು ಚಿಂತಿಸುವವರು ಬೀಡಿ ಸೇದುವುದನ್ನು ಮಾತ್ರ ಬಿಡುವುದಿಲ್ಲ. ಮೂಳೆ ಕೂಡದಿರಲು ಅದು ಎಲ್ಲರೂ ಒಪ್ಪಿದ ಕಾರಣ.

ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್, ಇವು ಅಫೀಮಿನ ವಂಶದವು ಅಥವಾ ಅದರಂತೆ ಕೆಲಸ ಮಾಡುವಂಥವು. ಮೊದಲ ಕೆಲವು ದಿನಗಳಿಗೆ ಇವು ಬೇಕಾಗಬಹುದು, ಬೇಕಾದಾಗ ಹೆದರಬೇಕಿಲ್ಲ. ಟ್ರಮಡಾಲನ್ನು 2018ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರ ಮಾದಕ ದ್ರವ್ಯ ಕಾಯ್ದೆಯ ಕೆಳಗೆ ತಂದಿತು, ಕಾರಣವಿಲ್ಲದೆ ಅಲ್ಲ. ಹೆಚ್ಚಿನವರಿಗೆ ಒಂದೆರಡು ವಾರದ ನಂತರ ಇದರ ಅಗತ್ಯ ಇರಬಾರದು. ವಾಕರಿಕೆ, ತೂಕಡಿಕೆ ಬರುತ್ತದೆ. ಫಿಟ್ಸ್ ಇರುವವರಿಗೆ ಟ್ರಮಡಾಲ್ ಅಪಾಯ. ಮಾನಸಿಕ ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ, ಕೆಲವು ಜೊತೆಗೂಡಿದರೆ ಮೈ ನಡುಗಿ, ಜ್ವರ ಬಂದು, ಸ್ಥಿತಿ ಕೆಡುತ್ತದೆ. ಮಲ ಕಟ್ಟುವುದಂತೂ ಗ್ಯಾರಂಟಿ. ಬೆನ್ನಿಗೆ ಹೊಲಿಗೆ ಇದ್ದವರು ಪಾಯಖಾನೆಯಲ್ಲಿ ಮುಕ್ಕಿರಿದರೆ ಜೀವ ಹೋದಂತಾಗುತ್ತದೆ. ಈ ಔಷಧಿ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯೂ ಶುರುವಾಗಬೇಕು. ಇಸಬಗೋಲ್ ಒಂದೇ ಸಾಲದು, ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕೂರುತ್ತದೆ. ಸೋನಾಮುಖಿ ಅಥವಾ ಬಿಸಾಕೊಡಿಲ್‌ನಂಥ ಕರುಳನ್ನು ಚುರುಕು ಮಾಡುವಂಥದ್ದು ಬೇಕು.

ಮುಖ್ಯ ಎಚ್ಚರಿಕೆ ಬೇರೆಯೇ ಇದೆ. ಇವು ಉಸಿರಾಟವನ್ನು ನಿಧಾನ ಮಾಡುತ್ತವೆ. ದಾರು ಜೊತೆ ಸೇರಿದರೆ ಇನ್ನೂ ನಿಧಾನ. ನಮ್ಮ ಯಾದಗಿರಿ, ರಾಯಚೂರು, ಕಲಬುರಗಿ ಕಡೆ ಸೇಂದಿ ಹೆಸರಿನಲ್ಲಿ ಮಾರುವುದರಲ್ಲಿ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಬೆರೆಸುತ್ತಾರೆಂಬುದು ಅಬಕಾರಿಯವರ ದಾಳಿಗಳ ಸುದ್ದಿಯಲ್ಲಿ ನೀವೇ ಓದಿರುತ್ತೀರಿ. ಅದು ಹಿಂದೆ ನಿದ್ದೆಗೆ ಕೊಡುತ್ತಿದ್ದ ಔಷಧಿ. ಟ್ರಮಡಾಲ್ ನುಂಗಿ ಅದನ್ನು ಕುಡಿದು ಮಲಗಿದವರು ಬೆಳಿಗ್ಗೆ ಏಳದೇ ಹೋಗಬಹುದು. ‘ಟೊಂಕಕ್ಕ ಸೇಂದಿ ಛಲೋರಿ’ ಎಂದು ಹೇಳುವ ಕಾಕಾಗಳು ಪ್ರತಿ ಊರಲ್ಲಿದ್ದಾರೆ, ಅವರ ಮಾತು ಆಪರೇಷನ್ ಆದ ಮನೆಯೊಳಗೆ ಬರದಿರಲಿ. ರೋಗಿಯನ್ನು ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ, ಗೊರಕೆ ನಡುನಡುವೆ ನಿಲ್ಲುತ್ತಿದೆ, ತುಟಿ ನೀಲಿಯಾಗುತ್ತಿದೆ ಅಂದರೆ ಕಾಯದೆ 108ಕ್ಕೆ ಫೋನ್ ಮಾಡಿ.

ನರದ ನೋವಿಗೆ ಬರೆಯುವುದು ಪ್ರೆಗಾಬಾಲಿನ್, ಗಾಬಾಪೆಂಟಿನ್. ಗಾಯದ ನೋವಿಗೆ ಇವುಗಳಿಂದ ದೊಡ್ಡ ಪ್ರಯೋಜನವಿಲ್ಲ. ಸುಡುವ, ಮಿಂಚುವ ನೋವು ಇಲ್ಲದವರಿಗೂ ರೂಢಿಯಂತೆ ಬರೆದುಬಿಡುವುದು ನನಗೆ ಸರಿ ಕಾಣುವುದಿಲ್ಲ. ಬೇಕಾದವರಿಗೆ ರಾತ್ರಿ ಸಣ್ಣ ಪ್ರಮಾಣದಿಂದ ಶುರು ಮಾಡಿ ಮೆಲ್ಲಗೆ ಏರಿಸಬೇಕು, ಪರಿಣಾಮ ಕಾಣಲು ಒಂದೆರಡು ವಾರ ಹಿಡಿಯಬಹುದು. ಕಾಲು ಬಾವು, ತೂಕ ಏರುವುದು, ಮಂಪರು ಇವುಗಳ ಗುಣ. ಅಜ್ಜ ಅಜ್ಜಿಯರು ನಡುರಾತ್ರಿ ಮೂತ್ರಕ್ಕೆ ಎದ್ದು ಬೀಳುವುದು ಈ ಮಂಪರಿನಲ್ಲಿಯೇ, ಒಂದು ದೀಪ ಹಚ್ಚಿಟ್ಟು ಯಾರಾದರೂ ಹತ್ತಿರ ಮಲಗಿ. ಟ್ರಮಡಾಲ್‌ನಂಥವುಗಳ ಜೊತೆ ಸೇರಿದಾಗ ಉಸಿರಿಗೆ ಅಪಾಯವೆಂದು ಅಮೆರಿಕದ ಔಷಧ ನಿಯಂತ್ರಕರು 2019ರಲ್ಲಿ ಎಚ್ಚರಿಸಿದರು. ಕಿಡ್ನಿ ಮಂದವಾದವರಿಗೆ ಪ್ರಮಾಣ ಇಳಿಸಬೇಕು. ಆರಾಮಾಯಿತೆಂದು ಒಮ್ಮೆಲೇ ಬಿಡಲೂ ಬಾರದು, ಕನಿಷ್ಠ ಒಂದು ವಾರದಲ್ಲಿ ಹಂತ ಹಂತವಾಗಿ ಇಳಿಸಿ.

ಸ್ನಾಯು ಸಡಿಲಿಸುವ ಗುಳಿಗೆಗಳ ಬಗ್ಗೆ ಎರಡೇ ಮಾತು. ನಮ್ಮಲ್ಲಿ ಬಹಳ ಓಡುವ ಥಯೋಕಾಲ್ಚಿಕೋಸೈಡ್ ಅನ್ನು ಬಾಯಿಯಿಂದ ತೆಗೆದುಕೊಳ್ಳುವುದಾದರೆ ಏಳು ದಿನ ಮೀರಬಾರದೆಂದು ಯುರೋಪಿನ ನಿಯಂತ್ರಕರು 2013ರಲ್ಲಿ ಮಿತಿ ಹಾಕಿದರು. ಇಲ್ಲಿ ಅದನ್ನು ತಿಂಗಳುಗಟ್ಟಲೆ ನುಂಗುವುದನ್ನು ನೋಡಿದ್ದೇನೆ. ಹೆಸರಿಲ್ಲದ ಪುಡಿ, ಪೊಟ್ಟಣದ ಬಣ್ಣದ ಗುಳಿಗೆ, ‘ಒಂದೇ ಸೂಜಿ, ಕುಣಕೋತ ಹೋಗ್ತಿ’ ಎನ್ನುವ ಇಂಜೆಕ್ಷನ್ ಇವುಗಳಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಶುಗರ್ ಏರುತ್ತದೆ, ಗಾಯ ಮಾಯುವುದಿಲ್ಲ, ಒಳಗೆ ಕೀವು ತುಂಬಿದರೂ ಜ್ವರ ಕಾಣಿಸಿಕೊಳ್ಳುವುದಿಲ್ಲ. ಬೆನ್ನಿನಲ್ಲಿ ಲೋಹ ಕೂತಿರುವವರಿಗೆ ಇದಕ್ಕಿಂತ ಕೆಟ್ಟದ್ದಿಲ್ಲ.

ನಿಲ್ಲಿಸುವ ಕ್ರಮ ಹೀಗೆ: ಮೊದಲು ಹೋಗಬೇಕಾದದ್ದು ಟ್ರಮಡಾಲ್ ವರ್ಗ, ಆಮೇಲೆ ಅಸೆಕ್ಲೋಫೆನಾಕ್ ವರ್ಗ, ಕೊನೆಗೆ ಪ್ಯಾರಾಸಿಟಮಾಲ್. ನರದ ಗುಳಿಗೆಗೆ ಬೇರೆಯದೇ ಲೆಕ್ಕ. ಅನೇಕರು ಇದನ್ನು ತಿರುವುಮುರುವು ಮಾಡುತ್ತಾರೆ. ‘ಸಣ್ಣ ಗುಳಿಗಿ’ ಅಂತ ಪ್ಯಾರಾಸಿಟಮಾಲ್ ಬಿಟ್ಟು ದೊಡ್ಡದನ್ನು ಹಿಡಿದುಕೊಂಡು ಕೂರುತ್ತಾರೆ. ಟ್ರಮಡಾಲ್ ಹಲವು ವಾರ ನಡೆದಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಮೈ ಕೈ ನೋವು, ಬೆವರು, ಚಡಪಡಿಕೆ ಬಂದು ‘ಬ್ಯಾನಿ ಮತ್ತ ಶುರುವಾತು’ ಅನ್ನಿಸುತ್ತದೆ. ಹತ್ತಿರದ ವೈದ್ಯರ ಜೊತೆ ಕೂತು ಇಳಿಸಿ. ಆ ವೈದ್ಯರು ಸರ್ಜನ್ನೇ ಆಗಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಸಾಕು, ಡಿಸ್ಚಾರ್ಜ್ ಕಾಗದ ತೋರಿಸಿದರೆ ಅವರು ಸರ್ಜನ್‌ಗೆ ಫೋನ್ ಮಾಡಿ ಮಾತಾಡಬಹುದು.

ಗುಳಿಗೆಯಿಂದ ಮುಚ್ಚಬಾರದ ಲಕ್ಷಣಗಳಿವೆ. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕುದುರೆ ಮೇಲೆ ಕೂತಾಗ ತಾಗುವ ಜಾಗವೆಲ್ಲ ಮರಗಟ್ಟುವುದು, ಕಾಲಿನ ಬಲ ಹೊಸದಾಗಿ ಕಡಿಮೆಯಾಗುವುದು: ಇವು ತಾಸುಗಳ ಲೆಕ್ಕದ ತುರ್ತು. ಜ್ವರ, ಗಾಯದಿಂದ ನೀರು ಅಥವಾ ಕೀವು, ಎದ್ದು ಕೂತರೆ ಸಿಡಿಯುವ ತಲೆನೋವು, ಒಂದೇ ಮೀನಖಂಡ ಬಾತು ನೋಯುವುದು, ಎದೆನೋವು, ಏದುಸಿರು ಕಂಡರೂ ಮೆಡಿಕಲ್‌ಗೆ ಹೋಗಬೇಡಿ, ದವಾಖಾನೆಗೆ ಹೋಗಿ.

ಸಭಿಕರ ಪ್ರಶ್ನೆಗಳು ಹಲವಿದ್ದವು. ಒಬ್ಬ ತಾಯಿ, ‘ನಮ್ಮ ಮನಿಯವರು ಚಟ ಹತ್ತತದ ಅಂತ ಗುಳಿಗಿನೇ ಒಲ್ಲೆ ಅಂತಾರ್ರಿ, ರಾತ್ರಿಯೆಲ್ಲ ನರಳ್ತಾರ’ ಅಂದರು. ಅವ್ವಾ, ಪ್ಯಾರಾಸಿಟಮಾಲ್‌ನಿಂದ ಚಟ ಹತ್ತುವುದಿಲ್ಲ. ಅಸೆಕ್ಲೋಫೆನಾಕ್‌ನಿಂದಲೂ ಹತ್ತುವುದಿಲ್ಲ. ಭಯ ಇರಬೇಕಾದದ್ದು ಟ್ರಮಡಾಲ್ ಬಗ್ಗೆ, ಅದೂ ವಾರಗಳು ದಾಟಿದ ಮೇಲೆ. ಆಪರೇಷನ್‌ಗೆ ಮೊದಲೇ ತಿಂಗಳುಗಟ್ಟಲೆ ಅದನ್ನು ನುಂಗುತ್ತಿದ್ದವರಿಗೆ ಆಮೇಲೆ ಬಿಡುವುದು ಕಷ್ಟವಾಗುತ್ತದೆ, ಅಂಥವರು ಅರವಳಿಕೆ ವೈದ್ಯರಿಗೆ ಮುಂಚೆಯೇ ಹೇಳಬೇಕು. ನಿಮ್ಮ ಮನೆಯವರಿಗೆ ಅಂಜಿಕೆ ಇದ್ದರೆ ಟ್ರಮಡಾಲ್ ಒಂದನ್ನು ಬಿಟ್ಟು ಉಳಿದವನ್ನು ಹೊತ್ತಿಗೆ ಸರಿಯಾಗಿ ಕೊಡಿ.

ರೋಜಾ ಇರುವಾಗ ಹೇಗೆ ಅಂತ ಒಬ್ಬ ಹಿರಿಯರು ಕೇಳಿದರು. ಚಾಚಾ, ಹೊಸದಾಗಿ ಆಪರೇಷನ್ ಆದವರಿಗೆ ರೋಜಾ ಮುಂದೂಡಲು ಅವಕಾಶವಿದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಿಡಿಯಲೇಬೇಕೆಂದರೆ ಮೊದಲು ವೈದ್ಯರ ಜೊತೆ ಮಾತಾಡಿ. ಅಸೆಕ್ಲೋಫೆನಾಕ್ ವರ್ಗ ಬೇಡ, ದಿನವಿಡೀ ನೀರಿಲ್ಲದ ಮೈಗೆ ಅದು ಕಿಡ್ನಿಯ ವೈರಿ. ಪ್ಯಾರಾಸಿಟಮಾಲನ್ನು ಇಫ್ತಾರ್, ಮಲಗುವ ಹೊತ್ತು, ಸಹರಿ ಅಂತ ಹಂಚಬಹುದು, ಎರಡರ ನಡುವೆ ನಾಲ್ಕು ತಾಸಾದರೂ ಇರಬೇಕು. ಶ್ರಾವಣ ಸೋಮವಾರದ ನಿರಾಹಾರ ಉಪವಾಸಕ್ಕೂ ಇದೇ ಮಾತು.

ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ ತಮ್ಮ, ‘ಗಾಡಿ ಯಾವಾಗ ಹೊಡೀಲಿ ಸರ್?’ ಅಂದ. ಎರಡು ಬೇರೆ ಬೇರೆ ಒಪ್ಪಿಗೆ ಬೇಕು. ಬೆನ್ನಿಗೆ ಸಂಬಂಧಿಸಿದ್ದು ಸರ್ಜನ್ ಕೊಡುವುದು. ಔಷಧಿಗೆ ಸಂಬಂಧಿಸಿದ್ದು ನಾನು ಹೇಳುತ್ತೇನೆ: ಟ್ರಮಡಾಲ್ ನಡೆಯುತ್ತಿರುವಷ್ಟು ದಿನ ಬೇಡ. ಪ್ರೆಗಾಬಾಲಿನ್ ಶುರು ಮಾಡಿದಾಗ, ಪ್ರಮಾಣ ಬದಲಿಸಿದಾಗ, ಹಗಲು ತೂಕಡಿಕೆ ಇರುವ ತನಕ ಬೇಡ. ಅವೆಲ್ಲ ಮುಗಿದ ಮೇಲೆ ನಿಂತ ಗಾಡಿಯ ಮೇಲೆ ಕೂತು ಬಲಗಾಲಿನಿಂದ ಬ್ರೇಕ್ ಜೋರಾಗಿ ಒತ್ತಿ ನೋಡು. ನೋವಿಲ್ಲದೆ, ತಡವಿಲ್ಲದೆ ಒತ್ತಲು ಬಂದರೆ ಮೊದಲು ಓಣಿಯೊಳಗೆ ಓಡಿಸು. ಅಲ್ಲಿಯ ತನಕ ಫ್ಯಾಕ್ಟರಿಯ ಬಸ್ಸು, ಅದರಲ್ಲೂ ಮುಂದಿನ ಸೀಟು. ಹಿಂದಿನ ಸೀಟಿನಲ್ಲಿ ಕುಲುಕಾಟ ಜಾಸ್ತಿ.